ಸರ ಇರಲಿ, ಬಿಳುಪು ಬೇಡ

ಈ ಬರಹ ಒಂದು ಫೋಟೋದ ಬಗ್ಗೆ. ಸಮಾಜ ಬದಲಾಯಿಸುತ್ತೇವೆ ಅಂತ ಹೊರಟವರು ಫೋಟೋಕ್ಕೆ ಬಣ್ಣ ಹಚ್ಚೋ ವಿಷಯ ಹಿಡಿದು ಕೂತಿದ್ದಾರಲ್ಲ ಎಂದು ಕೆಲವು ಗೆಳೆಯರಿಗೆ ಅನ್ನಿಸಬಹುದು. ಅನ್ನಿಸಲಿ. ಭೂಮಿಯ ಪ್ರಶ್ನೆ, ಕೂಲಿಯ ಪ್ರಶ್ನೆ, ಮೀಸಲಾತಿಯ ಪ್ರಶ್ನೆ ದೊಡ್ಡವು, ನಿಜ. ಆದರೆ ಮನುಷ್ಯನ ಮುಖದ ಪ್ರಶ್ನೆಯೂ ಸಣ್ಣದಲ್ಲ. ನಮ್ಮನ್ನು ಮುಟ್ಟಬಾರದು ಎಂದ ಸಮಾಜವೇ ಬೆಳಗ್ಗೆ ಎದ್ದು ನಮ್ಮ ಮುಖ ನೋಡಬಾರದು ಎಂದೂ ಹೇಳಿತ್ತು. ಆ ಮುಖವನ್ನು ಈಗ ನಾವೇ ದುಡ್ಡು ಕೊಟ್ಟು ಅಳಿಸಿಕೊಳ್ಳುತ್ತಿದ್ದೇವೆಯೇ? ಇದು ನಾವು ಕೇಳಿಕೊಳ್ಳಬೇಕಾದ ಮಾತು.

ಕಳೆದ ಚಳಿಗಾಲದಲ್ಲಿ ಶಿವಾಜಿನಗರದ ನಮ್ಮ ಸಂಗಾತಿ ಅಕ್ಕನೊಬ್ಬಳ ತಾಯಿ ತೀರಿಕೊಂಡರು. ಓಣಿಯವರೆಲ್ಲ ಅವರನ್ನು ಪಾಟಿ ಅಂತಲೇ ಕರೆಯುತ್ತಿದ್ದರು. ಪಾಟಿ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಲೈನು ಮನೆಯಲ್ಲಿ. ಮದುವೆಯಾಗಿ ದಂಡಿಗೆ ಬಂದರು. ಆಮೇಲೆ ಮೂವತ್ತು ವರ್ಷ ರಸೆಲ್ ಮಾರ್ಕೆಟ್ಟಿನ ಸುತ್ತಿನ ಬೀದಿಗಳನ್ನು ಗುಡಿಸಿದರು. ಮೀನಿನ ನೀರು, ಕೋಳಿಯ ಪುಕ್ಕ, ಕೊಳೆತ ಹೂವು, ಹಬ್ಬದ ಮಾರನೇ ದಿನದ ರಾಶಿ ರಾಶಿ ಕಸ, ಎಲ್ಲ ಅವರ ಪೊರಕೆಯ ಪಾಲು.

ಹದಿನಾರನೇ ದಿನದ ಕಾರ್ಯಕ್ಕೆ ಗೋಡೆಗೆ ಹಾಕಲು ಒಂದು ದೊಡ್ಡ ಫೋಟೋ ಬೇಕಾಯಿತು. ಆಧಾರ್ ಕಾರ್ಡಿನ ಚಿತ್ರದಲ್ಲಿ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. ಟ್ರಂಕಿನ ತಳದಲ್ಲಿ ಸಿಕ್ಕಿದ್ದು ಹಳೆಯ ಕಪ್ಪು-ಬಿಳುಪಿನ ಒಂದೇ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ. ಕೆಲಸದ ಚೀಟಿಗೆ ಅಂಟಿಸಲು ತೆಗೆಸಿದ್ದಂತೆ. ಅದನ್ನು ಹಿಡಿದುಕೊಂಡು ಅಕ್ಕ, ಅಕ್ಕನ ಮಗಳು, ನಾವು ನಾಲ್ಕು ಜನ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಒಂದು ಸ್ಟುಡಿಯೋಕ್ಕೆ ಹೋದೆವು. ಅಲ್ಲಿದ್ದದ್ದು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಒಳ್ಳೆ ಕೆಲಸಗಾರ. "ಕಲರ್ ಮಾಡಿ ಕೊಡ್ತೀನಿ, ಟೀ ಕುಡ್ಕೊಂಡ್ ಬನ್ನಿ" ಅಂದ.

ಟೀ ಕುಡಿದು ಬಂದಾಗ ಕಂಪ್ಯೂಟರಿನ ಪರದೆಯ ಮೇಲೆ ಒಬ್ಬ ಹೆಂಗಸು ಇದ್ದರು. ಹಸಿರು ಸೀರೆ, ಹಿಂದೆ ನೀಲಿ ಆಕಾಶ, ಕೊರಳಲ್ಲಿ ದಪ್ಪ ಚಿನ್ನದ ಸರ. ಮುಖ ಗೋಧಿ ಹಿಟ್ಟಿನ ಬಣ್ಣ. ಅಕ್ಕನ ಮಗಳಿಗೆ ಎಂಟು ವರ್ಷ. ಅವಳು ನೋಡಿದಳು, ನಮ್ಮ ಮುಖ ನೋಡಿದಳು, ಮತ್ತೆ ಪರದೆ ನೋಡಿದಳು. "ಇದ್ಯಾರು? ನಮ್ ಪಾಟಿ ಕಪ್ಪಗಿದ್ರು" ಅಂದಳು.

ಯಾರೂ ಮಾತಾಡಲಿಲ್ಲ. ಅಕ್ಕ ಮಾತ್ರ ಆ ಸರವನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅಂದಳು: "ಮುಖ ಅಮ್ಮಂದಲ್ಲ. ಆದ್ರೆ ಸರ ಇರ್ಲಿ."

ಅಂದಿನಿಂದ ನಮ್ಮಲ್ಲಿ ಜಗಳ ಶುರುವಾಗಿದೆ. ಸರ ಸುಳ್ಳು, ಬಿಳುಪೂ ಸುಳ್ಳು. ಒಂದು ಸುಳ್ಳನ್ನು ಇಟ್ಟುಕೊಂಡು ಇನ್ನೊಂದನ್ನು ಬಿಸಾಕುವುದು ಯಾವ ನ್ಯಾಯ? ಅಕ್ಕನ ಮಾತು ಸರಿ ಎಂದು ನಮ್ಮ ಮನಸ್ಸು ಹೇಳುತ್ತಿತ್ತು. ಯಾಕೆ ಸರಿ ಎಂದು ಹೇಳಲು ಬುದ್ಧಿಗೆ ಆಗುತ್ತಿರಲಿಲ್ಲ. ಅದನ್ನು ಯೋಚಿಸುತ್ತಾ ಹೋದದ್ದರ ಫಲ ಈ ಬರಹ.

*

ಮೊದಲು ಆ ಹುಡುಗ ಮಾಡಿದ್ದೇನು ಅಂತ ತಿಳಿಯೋಣ. ತಿಳಿಯದೆ ಬೈಯುವುದು ಪುರೋಹಿತರ ಕೆಲಸ, ನಮ್ಮದಲ್ಲ.

ಅವನು ಬಳಸಿದ್ದು ಫೋಟೋಶಾಪ್. ಅಮೆರಿಕದ ನೋಲ್ ಎಂಬ ಅಣ್ಣತಮ್ಮಂದಿರು ಬರೆದ ಈ ತಂತ್ರಾಂಶ 1990ರಲ್ಲಿ ಮಾರುಕಟ್ಟೆಗೆ ಬಂತು. 1994ರಲ್ಲಿ ಬಂದ ಅದರ ಮೂರನೇ ಆವೃತ್ತಿಗೆ ಲೇಯರ್ ಎಂಬುದು ಸೇರಿತು. ಲೇಯರ್ ಅಂದರೆ ಪದರ. ಒಂದು ಫೋಟೋದ ಮೇಲೆ ಗಾಜಿನ ಹಾಳೆ ಇಟ್ಟು, ಆ ಗಾಜಿನ ಮೇಲೆ ಬಣ್ಣ ಹಚ್ಚಿದಂತೆ. ಬಣ್ಣ ಗಾಜಿಗೆ ಹತ್ತುತ್ತದೆ, ಫೋಟೋಕ್ಕೆ ಹತ್ತುವುದಿಲ್ಲ. ಅದರ ಮೇಲೆ ಇನ್ನೊಂದು ಗಾಜು, ಅದರ ಮೇಲೆ ಮತ್ತೊಂದು. ಮೇಲಿಂದ ನೋಡಿದವರಿಗೆ ಎಲ್ಲ ಸೇರಿ ಒಂದೇ ಚಿತ್ರ. ಪ್ರತಿ ಪದರದ ಪಕ್ಕದಲ್ಲಿ ಒಂದು ಕಣ್ಣಿನ ಗುರುತು ಇರುತ್ತದೆ. ಅದನ್ನು ಒತ್ತಿದರೆ ಆ ಪದರ ಮರೆಯಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಎಲ್ಲಕ್ಕಿಂತ ತಳದಲ್ಲಿ ಮೂಲ ಚಿತ್ರ ಇದ್ದ ಹಾಗೇ ಇರುತ್ತದೆ. ಅದಕ್ಕೆ ಬ್ಯಾಕ್‌ಗ್ರೌಂಡ್ ಅನ್ನುತ್ತಾರೆ.

ಹುಡುಗ ನಮಗೆ ಒಂದೊಂದೇ ಕಣ್ಣು ಮುಚ್ಚಿ ತೆರೆದು ತೋರಿಸಿದ. ಸೀರೆಗೆ ಒಂದು ಪದರ, ಆಕಾಶಕ್ಕೆ ಒಂದು, ತುಟಿಗೆ ಒಂದು, ಚರ್ಮಕ್ಕೆ ಒಂದು. ಇವುಗಳನ್ನು ಅವನು 'ಕಲರ್' ಎಂಬ ಬೆರಕೆಯ ಕ್ರಮದಲ್ಲಿ ಇಟ್ಟಿದ್ದ. ಈ ಕ್ರಮದಲ್ಲಿ ಮೇಲಿನ ಪದರದಿಂದ ಬಣ್ಣವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಬೆಳಕು ಎಷ್ಟು, ನೆರಳು ಎಷ್ಟು ಎಂಬುದನ್ನು ಕೆಳಗಿನ ಮೂಲ ಚಿತ್ರದಿಂದಲೇ ತೆಗೆದುಕೊಳ್ಳುತ್ತದೆ. ಅಂದರೆ ಕಪ್ಪು-ಬಿಳುಪಿನ ಫೋಟೋಕ್ಕೆ ಹೀಗೆ ಬಣ್ಣ ಕೊಟ್ಟರೆ ಕಪ್ಪಗಿದ್ದವರು ಕಪ್ಪಗೇ ಇರುತ್ತಾರೆ, ಬಣ್ಣ ಬಂದಿರುತ್ತದೆ ಅಷ್ಟೇ. ಈ ಮಾತನ್ನು ನಮ್ಮ ಓದುಗರು ನೆನಪಿಟ್ಟುಕೊಳ್ಳಬೇಕು. ಬಣ್ಣ ಕೊಡುವುದು ಬೇರೆ, ಬಿಳಿ ಮಾಡುವುದು ಬೇರೆ.

ಬಿಳಿ ಮಾಡಿದ್ದು ಇನ್ನೊಂದು ಪದರ. ಮೂಲ ಚಿತ್ರದ ನಕಲು ಮಾಡಿ, ಮೇಲಿಟ್ಟು, 'ಸ್ಕ್ರೀನ್' ಎಂಬ ಕ್ರಮಕ್ಕೆ ಹಾಕಿದ್ದ. ಆ ಕ್ರಮ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ. ಇದಕ್ಕೆ ಎದುರಾದದ್ದು 'ಮಲ್ಟಿಪ್ಲೈ', ಅದು ಕಪ್ಪಗೆ ಮಾಡುತ್ತದೆ. ಬಿಳುಪು ಸೀರೆಗೂ ಕೂದಲಿಗೂ ತಾಗದೆ ಮುಖಕ್ಕೂ ಕೈಗೂ ಮಾತ್ರ ತಾಗಲಿ ಅಂತ ಮಾಸ್ಕ್ ಹಾಕಿದ್ದ. ಮಾಸ್ಕಿನಲ್ಲಿ ಬಿಳಿ ಬಳಿದ ಕಡೆ ಪದರ ಕಾಣುತ್ತದೆ, ಕಪ್ಪು ಬಳಿದ ಕಡೆ ಮರೆಯಾಗುತ್ತದೆ. (ಇದರಲ್ಲೂ ಜಾತಿ ಹುಡುಕಬೇಡಿ, ಅದು ಯಂತ್ರದ ಲೆಕ್ಕ.) ಕೊನೆಗೆ ಸರ. ಅದನ್ನು ಅವನು ಬಿಡಿಸಿರಲಿಲ್ಲ. ಸರ, ಓಲೆ, ಮೂಗುತಿ, ಕೋಟು, ಟೈ, ಪೇಟ ಎಲ್ಲ ಒಂದು ಫೋಲ್ಡರಿನಲ್ಲಿ ಸಿದ್ಧವಾಗಿದ್ದವು. ಬೇಕಾದ್ದನ್ನು ತಂದು ಕೂರಿಸುವುದು, ಅಷ್ಟೇ.

"ಬೆಳ್ಳಗೆ ಮಾಡು ಅಂತ ನಾವು ಹೇಳಿರ್ಲಿಲ್ವಲ್ಲ ತಮ್ಮಾ?" ಅಂದೆವು.

"ಅದು ಎಲ್ಲಾರ್ಗೂ ಮಾಡೋದು ಸಾರ್. ಕೇಳೋದೇನಿದೆ? ಇಲ್ಲಿತಂಕ ಯಾರೂ ಯಾಕೆ ಮಾಡ್ದೆ ಅಂತ ಕೇಳಿಲ್ಲ. ಮಾಡ್ಲಿಲ್ಲ ಅಂದ್ರೇನೇ ಜಗಳ" ಅಂದ.

ಹುಡುಗನ ಬಣ್ಣವೂ ಪಾಟಿಯ ಬಣ್ಣವೇ. ಅವನ ಹಿಂದಿನ ಗೋಡೆಯಲ್ಲಿ ಅವನದೇ ಒಂದು ಫೋಟೋ ಇತ್ತು. ಅದರಲ್ಲಿ ಅವನೂ ಗೋಧಿ ಹಿಟ್ಟಿನ ಬಣ್ಣಕ್ಕಿದ್ದ.

*

ತಪ್ಪೆಲ್ಲ ಈ ಕಂಪ್ಯೂಟರಿನದು, ಹಳೆಯ ಕಾಲದ ಫೋಟೋ ಸತ್ಯ ಹೇಳುತ್ತಿತ್ತು ಎಂದು ಹೇಳುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಹಳೆಯ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ತಿದ್ದುತ್ತಿದ್ದರು. ನೆಗೆಟಿವ್‌ನಲ್ಲಿ ಎಲ್ಲ ತಲೆಕೆಳಗು. ಕಪ್ಪು ಮನುಷ್ಯ ಅಲ್ಲಿ ಬೆಳ್ಳಗೆ, ಬಿಳಿಯ ಮನುಷ್ಯ ಅಲ್ಲಿ ಕಪ್ಪಗೆ. ಆದ್ದರಿಂದ ಕೆನ್ನೆಯ ಮೇಲೆ ಸೀಸ ಉಜ್ಜಿದರೆ ಅಚ್ಚಿನಲ್ಲಿ ಆ ಜಾಗ ಬೆಳ್ಳಗಾಗುತ್ತಿತ್ತು. ಕತ್ತಲೆ ಕೋಣೆಯಲ್ಲಿ ಕಾಗದಕ್ಕೆ ಬೆಳಕು ಕಡಿಮೆ ಹೊತ್ತು ಬಿಟ್ಟರೂ ಮುಖ ತಿಳಿಯಾಗುತ್ತಿತ್ತು. ಕಪ್ಪು-ಬಿಳುಪಿನ ಅಚ್ಚಿನ ಮೇಲೆ ಕುಂಚದಿಂದ ಬಣ್ಣ ತುಂಬುವ ಕಲೆಗಾರರೂ ಇದ್ದರು. ಪದರಗಳು ಬಂದದ್ದು 1994ರಲ್ಲಿ. ಬಿಳುಪಿನ ಆಸೆ ಅದಕ್ಕಿಂತ ಬಹಳ ಹಿಂದಿನದು.

ಆ ಆಸೆಯನ್ನು ಹುಟ್ಟಿಸಿದವರು, ಬೆಳೆಸಿದವರು ಯಾರು? ಕೊಡಕ್ ಕಂಪನಿ ಫೋಟೋ ಅಚ್ಚು ಹಾಕುವ ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡು ಕಳಿಸುತ್ತಿತ್ತು. ಅದರಲ್ಲಿ ಇದ್ದದ್ದು ಒಬ್ಬ ಬಿಳಿಯ ಹೆಂಗಸಿನ ಚಿತ್ರ. ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರು. ಅವಳ ಚರ್ಮ ಚೆನ್ನಾಗಿ ಬಂದರೆ ಯಂತ್ರ ಸರಿ ಇದೆ ಎಂದು ಅರ್ಥ. ಲೋಕದ ಎಲ್ಲ ಮುಖಗಳಿಗೂ ಅವಳ ಮುಖವೇ ಅಳತೆಗೋಲು. ಕಪ್ಪು ಮಕ್ಕಳ ಮುಖ ಗುಂಪು ಫೋಟೋಗಳಲ್ಲಿ ಮಸಿಯ ಮುದ್ದೆಯ ಹಾಗೆ ಬರುತ್ತಿದ್ದರೂ ಬಹಳ ಕಾಲ ಕೇಳುವವರಿರಲಿಲ್ಲ. ಮರದ ಸಾಮಾನು ಮಾರುವವರೂ ಚಾಕೊಲೇಟ್ ಮಾರುವವರೂ ನಮ್ಮ ಸರಕಿನ ಕಂದು ಬಣ್ಣ ಸರಿಯಾಗಿ ಬರುತ್ತಿಲ್ಲ ಎಂದು ದೂರಿದ್ದು ಫಿಲ್ಮು ಸುಧಾರಿಸಲು ಒಂದು ಮುಖ್ಯ ಕಾರಣವಾಯಿತು ಎಂಬುದನ್ನು ಲೋರ್ನಾ ರಾತ್ ಎಂಬ ಕೆನಡಾದ ವಿದ್ವಾಂಸೆ ವಿವರವಾಗಿ ಬರೆದಿದ್ದಾರೆ. ಮನುಷ್ಯರ ಕಂದು ಬಣ್ಣಕ್ಕೆ ಇಲ್ಲದ ಬೆಲೆ ಕುರ್ಚಿಯ ಕಂದು ಬಣ್ಣಕ್ಕೆ ಇತ್ತು. ಬಂಡವಾಳಶಾಹಿಯ ನ್ಯಾಯ ಅಂದರೆ ಇದೇ.

ಇನ್ನೊಂದು ಉದಾಹರಣೆ. ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಕರಿಯರು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕಿದ್ದ ಪಾಸ್ ಪುಸ್ತಕದ ಫೋಟೋಗಳಿಗೆ ಪೋಲರಾಯ್ಡ್ ಕ್ಯಾಮೆರಾ ಬಳಕೆಯಾಗುತ್ತಿತ್ತು. ಅದೇ ಕಂಪನಿಯಲ್ಲಿ ದುಡಿಯುತ್ತಿದ್ದ ಕೆನ್ ವಿಲಿಯಮ್ಸ್ ಮತ್ತು ಕ್ಯಾರೊಲಿನ್ ಹಂಟರ್ ಎಂಬ ಇಬ್ಬರು ಕರಿಯ ಕೆಲಸಗಾರರು 1970ರಲ್ಲಿ ಇದನ್ನು ಕಂಡುಹಿಡಿದು ಚಳವಳಿ ಹೂಡಿದರು. ಏಳು ವರ್ಷ ಬಿಡಲಿಲ್ಲ. 1977ರಲ್ಲಿ ಕಂಪನಿ ಆ ದೇಶದಿಂದ ಕಾಲು ತೆಗೆಯಿತು. ಫೋಟೋದ ಪ್ರಶ್ನೆ ರಾಜಕೀಯದ ಪ್ರಶ್ನೆಯಲ್ಲ ಎನ್ನುವವರು ಈ ಇಬ್ಬರ ಹೆಸರು ನೆನಪಿಡಲಿ.

ಬಿಳಿ ಮಾಡುವುದು ಮಾತ್ರ ಅನ್ಯಾಯವಲ್ಲ, ಕಪ್ಪು ಮಾಡುವುದೂ ಅನ್ಯಾಯವಾಗಬಹುದು. ಲೇಯರ್ ಬಂದ ಅದೇ 1994ರ ಜೂನ್ ತಿಂಗಳಲ್ಲಿ ಅಮೆರಿಕದ 'ಟೈಮ್' ಪತ್ರಿಕೆ ಕೊಲೆ ಆರೋಪ ಹೊತ್ತಿದ್ದ ಕರಿಯ ಆಟಗಾರ ಓ. ಜೆ. ಸಿಂಪ್ಸನ್‌ನ ಪೊಲೀಸ್ ಫೋಟೋವನ್ನು ಮುಖಪುಟಕ್ಕೆ ಹಾಕಿತು. ಅದೇ ವಾರ 'ನ್ಯೂಸ್‌ವೀಕ್' ಕೂಡ ಅದೇ ಫೋಟೋ ಹಾಕಿತು. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ನಿಂತಾಗ ಜನರಿಗೆ ಕಂಡಿತು: 'ಟೈಮ್'ನ ಮುಖ ಇನ್ನೂ ಕಪ್ಪಗಿದೆ, ನೆರಳು ದಟ್ಟವಾಗಿದೆ. ಅಪರಾಧಿಯಂತೆ ಕಾಣಬೇಕಾದರೆ ಕಪ್ಪು, ಗೌರವಸ್ಥನಂತೆ ಕಾಣಬೇಕಾದರೆ ಬಿಳುಪು. ಒಂದೇ ಯಂತ್ರ, ಎರಡು ಗುಂಡಿ. ಗುಂಡಿ ಒತ್ತುವ ಕೈಯ ಹಿಂದಿನ ನಂಬಿಕೆ ಮಾತ್ರ ಒಂದೇ.

*

ನಮ್ಮ ದೇಶಕ್ಕೆ ಬರೋಣ. ಇಲ್ಲಿ ಶರ್ಲಿ ಕಾರ್ಡು ಬರುವುದಕ್ಕಿಂತ ಸಾವಿರಾರು ವರ್ಷ ಮೊದಲೇ ಒಂದು ಕಾರ್ಡು ಇತ್ತು. ಅದರ ಹೆಸರು ವರ್ಣ. ವರ್ಣ ಅಂದರೆ ಬಣ್ಣ ಅಂತಲೂ ಅರ್ಥ. ಮೇಲೆ ಒಂದು, ಅದರ ಕೆಳಗೆ ಒಂದು, ಅದರ ಕೆಳಗೆ ಒಂದು, ಎಲ್ಲಕ್ಕೂ ಹೊರಗೆ ನಾವು. ಸೃಷ್ಟಿಕರ್ತನ ತಲೆಯಿಂದ ಕಾಲಿನವರೆಗೆ ಪದರ ಪದರ.

ಆದರೆ ಇಲ್ಲಿ ಎಚ್ಚರ ಬೇಕು. ಮೇಲ್ಜಾತಿಯವರು ಬಿಳಿಯರು, ದಲಿತರು ಕರಿಯರು ಎಂಬ ಸುಲಭದ ಲೆಕ್ಕವನ್ನು ನಮ್ಮಲ್ಲಿ ಕೆಲವರು ನಂಬುತ್ತಾರೆ. ಅಂಬೇಡ್ಕರ್ ಅದನ್ನು ನಂಬಲಿಲ್ಲ. 1936ರ 'ಜಾತಿ ವಿನಾಶ'ದಲ್ಲೂ 1948ರ 'ಅಸ್ಪೃಶ್ಯರು' ಪುಸ್ತಕದಲ್ಲೂ ಅವರು ಜಾತಿ ಎಂಬುದು ಜನಾಂಗದ ವಿಂಗಡಣೆಯಲ್ಲ, ಒಂದು ಸೀಮೆಯ ಬ್ರಾಹ್ಮಣನೂ ಅದೇ ಸೀಮೆಯ ಅಸ್ಪೃಶ್ಯನೂ ಒಂದೇ ಜನಾಂಗದವರು ಎಂದು ವಾದ ಮಾಡಿ ತೋರಿಸಿದರು. ನಮ್ಮ ಊರುಗಳಲ್ಲೇ ನೋಡಿ. ಕಾಡಿಗೆಯಂಥ ಮೈಯ ಜೋಯಿಸರಿದ್ದಾರೆ, ಕೇರಿಯಲ್ಲಿ ಕೆಂಪಗಿನ ಮಕ್ಕಳಿದ್ದಾರೆ. ಜೋಯಿಸರು ಕಪ್ಪಗಿದ್ದಾರೆ ಅಂತ ಯಾರೂ ಅವರನ್ನು ಹೊರಗೆ ನಿಲ್ಲಿಸುವುದಿಲ್ಲ. ನಮ್ಮ ಮಗು ಕೆಂಪಗಿದೆ ಅಂತ ಯಾರೂ ಒಳಗೆ ಕರೆಯುವುದಿಲ್ಲ. ಕರೆಯುವುದಿಲ್ಲ ಮಾತ್ರವಲ್ಲ, "ನಿಮ್ಮೋರ್ ಥರ ಇಲ್ವಲ್ಲ" ಅಂತ ಹೊಗಳಿಕೆಯಂಥ ಬೈಗುಳ ಬೇರೆ.

ಹಾಗಾದರೆ ಬಣ್ಣಕ್ಕೂ ಜಾತಿಗೂ ಸಂಬಂಧವೇ ಇಲ್ಲವೇ? ಇದೆ. ಚರ್ಮದಲ್ಲಿ ಇಲ್ಲ, ಕಣ್ಣಿನಲ್ಲಿ ಇದೆ. ಬಿಸಿಲಲ್ಲಿ ದುಡಿಯುವವರ ಬಣ್ಣ ಕೀಳು, ನೆರಳಲ್ಲಿ ಕೂರುವವರ ಬಣ್ಣ ಮೇಲು ಎಂದು ನೋಡುವ ಕಣ್ಣು ಅದು. ಆ ಕಣ್ಣನ್ನು ಎಲ್ಲರ ಮುಖಕ್ಕೂ ಹಾಕಿಬಿಟ್ಟಿದ್ದಾರೆ, ನಮ್ಮ ಮುಖಕ್ಕೂ. ಅದರ ಮೇಲೆ ವ್ಯಾಪಾರ ಕಟ್ಟಿದರು. 1975ರಲ್ಲಿ 'ಫೇರ್ ಅಂಡ್ ಲವ್ಲಿ' ಎಂಬ ಮುಲಾಮು ಬಂತು. ಬೆಳ್ಳಗಾದರೆ ಮದುವೆ, ಬೆಳ್ಳಗಾದರೆ ಕೆಲಸ ಎಂದು ನಲವತ್ತೈದು ವರ್ಷ ಮಾರಿದರು. 2020ರಲ್ಲಿ ಲೋಕದಲ್ಲೆಲ್ಲ ಕರಿಯರ ಹೋರಾಟದ ಕಾವು ಏರಿದಾಗ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಎಂದು ಹಾಕಿದರು. ಡಬ್ಬಿಯ ಮೇಲಿನ ಪದರ ಬದಲಾಯಿತು.

ಶಿವಾಜಿನಗರದ ಹಳೆಯ ಹೆಸರೇ ಈ ಕಥೆ ಹೇಳುತ್ತದೆ. 1809ರಲ್ಲಿ ಇಂಗ್ಲಿಷರ ದಂಡು ಇಲ್ಲಿ ಬೀಡುಬಿಟ್ಟಿತು. ಅವರ ಹಿಂದೆ ತಮಿಳು ಸೀಮೆಯಿಂದ ದುಡಿಯುವ ಜನ ಬಂದರು: ಹೊರೆ ಹೊರುವವರು, ಕುದುರೆ ನೋಡುವವರು, ಗುಡಿಸುವವರು, ಅಡುಗೆಯವರು. ಅವರು ನೆಲೆಸಿದ ಈ ಜಾಗಕ್ಕೆ ಬ್ಲ್ಯಾಕ್‌ಪಲ್ಲಿ ಎಂದು ಹೆಸರಿತ್ತು. ಮೊದಲು ಇಲ್ಲಿ ಬಿಳಿ ಅಕ್ಕಿ ಬೆಳೆಯುತ್ತಿದ್ದರು, ಬಿಳಿ ಅಕ್ಕಿ ಹಳ್ಳಿಯೇ ಬಾಯಿಂದ ಬಾಯಿಗೆ ಹೋಗಿ ಬ್ಲ್ಯಾಕ್‌ಪಲ್ಲಿ ಆಯಿತು ಎಂದು ಹೇಳುವುದುಂಟು. ಬಿಳಿ ಅಂತ ಇದ್ದದ್ದು ಸಾಹೇಬರ ಬಾಯಲ್ಲಿ ಬ್ಲ್ಯಾಕ್ ಆಯಿತು. ಊರಿನ ಹೆಸರಿಗಾದರೂ ಒಂದು ಕಾಲದಲ್ಲಿ ಕಪ್ಪು ಬಣ್ಣ ಹತ್ತಿತ್ತು. ಈಗ ಅದೇ ಊರಿನ ಗಲ್ಲಿಯಲ್ಲಿ ಪಾಟಿಯ ಮುಖದಿಂದ ಕಪ್ಪನ್ನು ತೆಗೆಯುತ್ತಿದ್ದಾರೆ.

*

ಈಗ ನಮ್ಮ ಜಗಳಕ್ಕೆ ಬರೋಣ.

ನಮ್ಮ ಅಧ್ಯಯನ ಕೂಟದಲ್ಲಿ ಒಬ್ಬ ವಿದ್ಯಾರ್ಥಿ ಗೆಳೆಯ ಎದ್ದು ನಿಂತು ಖಡಾಖಂಡಿತವಾಗಿ ಹೇಳಿದ: "ಎರಡೂ ತೆಗೀಬೇಕು. ಪಾಟಿಗೆ ಸರ ಇರಲಿಲ್ಲ ಅನ್ನೋದೇ ಸತ್ಯ. ಅವರ ಅಪ್ಪ ಚಿನ್ನದ ಗಣೀಲಿ ಸವೆದರು. ಮಗಳ ಕೊರಳಲ್ಲಿ ಕರಿಮಣಿ ಬಿಟ್ಟರೆ ಏನಿರಲಿಲ್ಲ. ಆ ಬರಿ ಕೊರಳೇ ಈ ವ್ಯವಸ್ಥೆಯ ಮೇಲಿನ ಆರೋಪಪಟ್ಟಿ. ಅದಕ್ಕೆ ಸರ ಹಾಕಿದರೆ ಆರೋಪಪಟ್ಟಿಯನ್ನು ನಾವೇ ಹರಿದ ಹಾಗೆ."

ಇದು ತಳ್ಳಿಹಾಕುವ ಮಾತಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದಲ್ಲಿ ಗಣಿ ಕೆಲಸ ಹಿಡಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನಡುವಿನ ನೂರಿಪ್ಪತ್ತು ವರ್ಷ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಚಿನ್ನ ತೆಗೆದವರಲ್ಲಿ ಬಹುಪಾಲು ಜನ ತಮಿಳು, ತೆಲುಗು ಸೀಮೆಯ ದಲಿತರು. ಎದೆಯಲ್ಲಿ ಕಲ್ಲಿನ ದೂಳು ತುಂಬಿಕೊಂಡು ಕೆಮ್ಮಿ ಸತ್ತವರಿಗೆ ಲೆಕ್ಕವಿಲ್ಲ. ಅವರು ತೆಗೆದ ಚಿನ್ನ ಯಾವ ಯಾವ ಕೊರಳಿಗೋ ಹೋಯಿತು, ಅವರ ಮನೆಗೆ ಬರಲಿಲ್ಲ. ಬರಿ ಕೊರಳು ಸಾಕ್ಷಿ ಎಂಬ ಗೆಳೆಯನ ಮಾತು ನಿಜ.

ಆದರೆ ಸಾಕ್ಷಿ ಹೇಳುವ ಕೆಲಸ ಎಲ್ಲ ಫೋಟೋಗಳದ್ದೂ ಅಲ್ಲ. ಇದನ್ನು ಬಿಡಿಸಿ ನೋಡಬೇಕು.

ದೌರ್ಜನ್ಯ ನಡೆದ ಊರಿಗೆ ನಾವು ಸತ್ಯಶೋಧನೆಗೆ ಹೋಗುತ್ತೇವೆ. ಅಲ್ಲಿ ತೆಗೆದ ಫೋಟೋಕ್ಕೆ ಒಂದು ಪದರವನ್ನೂ ಹಾಕಬಾರದು. ಗಾಯ ಇನ್ನೂ ಕೆಂಪಗೆ ಕಾಣಲಿ ಅಂತಲೂ ಕೈ ಹಾಕಬಾರದು. 2000ದ ಮಾರ್ಚಿಯಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಬಾಯಿಯ ಸಾಕ್ಷಿಯನ್ನು ಹೆದರಿಸಿ ಮುಚ್ಚಿಸಬಹುದಾದ ನಾಡಿನಲ್ಲಿ ಚಿತ್ರದ ಸಾಕ್ಷಿಯ ಮೇಲೆ ಅನುಮಾನದ ಒಂದು ಗೀರು ಕೂಡ ಬೀಳಬಾರದು. ನಮ್ಮವರೇ ಆವೇಶದಲ್ಲಿ ಬಣ್ಣ ತಿದ್ದಿದರೆ ಎದುರು ವಕೀಲನಿಗೆ ಅಷ್ಟೇ ಸಾಕು.

ಆದರೆ ಗೋಡೆಯ ಮೇಲಿನ ಪಾಟಿಯ ಫೋಟೋ ಕೋರ್ಟಿಗೆ ಹೋಗುವುದಿಲ್ಲ. ಅದು ಮನೆಯವರು ಸತ್ತವರಿಗೆ ಕೊಡುವ ಮರ್ಯಾದೆ. ಅದೇ ಶಿವಾಜಿನಗರದಲ್ಲಿ ಸೇಂಟ್ ಮೇರಿ ಚರ್ಚಿದೆ, 1973ರಲ್ಲಿ ಬೆಸಿಲಿಕಾ ಎಂಬ ಪದವಿ ಪಡೆದದ್ದು. ಅಲ್ಲಿ ಮೇರಿಯಮ್ಮನಿಗೆ ಭಕ್ತರು ಸೀರೆ ಉಡಿಸುತ್ತಾರೆ. ನಜರೇತಿನ ಹೆಂಗಸು ಸೀರೆ ಉಟ್ಟಿದ್ದಳೇ ಅಂತ ಯಾರೂ ಕೇಳುವುದಿಲ್ಲ. ಪ್ರೀತಿಸಿದವರು ತಮ್ಮ ಕೈಯಲ್ಲಿ ಇದ್ದದ್ದನ್ನು, ಇಲ್ಲದ್ದನ್ನೂ, ಪ್ರೀತಿಸಿದವರಿಗೆ ತೊಡಿಸುತ್ತಾರೆ. ಅದನ್ನು ಸುಳ್ಳು ಅನ್ನುವುದು ಒರಟುತನ.

ಹಾಗಾದರೆ ಬಿಳುಪನ್ನೂ ಪ್ರೀತಿಯಿಂದಲೇ ತೊಡಿಸಬಹುದಲ್ಲ? ನಮ್ಮ ವಾದದ ಮುಳ್ಳು ಇರುವುದು ಇಲ್ಲೇ.

ಅಕ್ಕನನ್ನೇ ಕೇಳಿದೆವು. ಅಕ್ಕ ಹೆಚ್ಚು ಓದಿದವಳಲ್ಲ. ಅವಳು ಹೇಳಿದ್ದು ಇಷ್ಟು: "ಸರ ಅಮ್ಮಂಗೆ ಆಸೆ ಇತ್ತು. ಚೀಟಿ ಹಾಕಿ ಎರಡು ಸಲ ದುಡ್ಡು ಕೂಡಿಸಿದ್ರು, ಎರಡು ಸಲಾನೂ ಆಸ್ಪತ್ರೆಗೆ ಹೋಯ್ತು. ಅದು ಅವರಿಗೆ ಬರಬೇಕಾಗಿತ್ತು, ಬರಲಿಲ್ಲ. ಆದ್ರೆ ಮೈ ಬಣ್ಣ ಅವರದೇ ಅಲ್ವಾ? ಅದನ್ನ ತೆಗೆದ್ರೆ ಅಮ್ಮ ಇದ್ದದ್ದೇ ತಪ್ಪು ಅಂದಂಗಾಗುತ್ತೆ."

ನಾವು ತಿಂಗಳುಗಟ್ಟಲೆ ಹುಡುಕಿದ ಉತ್ತರ ಅಲ್ಲಿತ್ತು. ಸರ ಹೇಳುವುದು: ಇದು ನಿನಗೆ ಸಲ್ಲಬೇಕಿತ್ತು. ಬಿಳುಪು ಹೇಳುವುದು: ನೀನು ಹೀಗೆ ಇರಬಾರದಿತ್ತು. ಮೊದಲನೆಯದು ಬೇಡಿಕೆ, ಎರಡನೆಯದು ನಾಚಿಕೆ. ನಮ್ಮ ಚಳವಳಿ ನಿಂತಿರುವುದೇ ಈ ಎರಡರ ವ್ಯತ್ಯಾಸದ ಮೇಲೆ. ಭೂಮಿ ಕೊಡಿ, ಅಕ್ಷರ ಕೊಡಿ, ಕೂಲಿ ಕೊಡಿ ಎಂದು ಕೇಳುವಾಗ ನಮ್ಮನ್ನು ಬೇರೆ ಯಾರನ್ನೋ ಮಾಡಿ ಅಂತ ನಾವು ಕೇಳುವುದಿಲ್ಲ. ನಾವು ನಾವಾಗಿಯೇ ಇದ್ದು ನಮ್ಮ ಪಾಲು ಕೇಳುತ್ತೇವೆ. ಇಲ್ಲದ್ದನ್ನು ಕೊಡುವ ಪದರ ಒಂದು, ಇದ್ದದ್ದನ್ನು ಅಳಿಸುವ ಪದರ ಇನ್ನೊಂದು. ಎರಡಕ್ಕೂ ಸುಳ್ಳು ಎಂಬ ಒಂದೇ ಹೆಸರಿಡುವುದು ಸೋಮಾರಿತನ.

ಇನ್ನೂ ಒಂದು ಮಾತು. ಆ ಸರವನ್ನು ಹುಡುಗ ತಾನಾಗಿ ಹಾಕಿದ್ದ, ಬಿಳುಪನ್ನೂ ತಾನಾಗಿ ಹಾಕಿದ್ದ. ಆದರೆ ಸರ ಇರಲಿ ಎಂದು ಮಗಳು ಒಪ್ಪಿದಳು. ಒಪ್ಪಿಗೆ ಬಂದ ಮೇಲೆ ಅದು ಅವಳದಾಯಿತು. ಕೇಳದೆ ಮಾಡಿದ್ದು, ಎಲ್ಲರಿಗೂ ಮಾಡುವುದು, ಯಾರೂ ಪ್ರಶ್ನೆ ಮಾಡದೆ ಇರುವುದು — ಇದಕ್ಕೇ ಅಲ್ಲವೇ ಈ ದೇಶದಲ್ಲಿ ಸಂಪ್ರದಾಯ ಅನ್ನುವುದು? ಜಾತಿಯೂ ಬದುಕಿರುವುದು ಹೀಗೇ. ಹೆಚ್ಚಿನವರು ದ್ವೇಷದಿಂದ ಅದನ್ನು ಮಾಡುವುದಿಲ್ಲ. "ಎಲ್ಲಾರ್ಗೂ ಮಾಡೋದು ಸಾರ್" ಅಂತ ಮಾಡುತ್ತಾರೆ.

*

ಸ್ಟುಡಿಯೋ ಹುಡುಗನನ್ನು ಕಟಕಟೆಗೆ ನಿಲ್ಲಿಸಿ ನಾವು ನ್ಯಾಯಾಧೀಶರಾಗಿ ಕೂರುವ ಹಾಗಿಲ್ಲ. ನಮ್ಮ ಬ್ಯಾನರುಗಳನ್ನು ನೋಡಿಕೊಳ್ಳೋಣ. 2018ರಲ್ಲಿ ಹೈಕೋರ್ಟು ಗದರಿಸಿ ಬೆಂಗಳೂರಿನ ಫ್ಲೆಕ್ಸುಗಳನ್ನು ತೆಗೆಸುವವರೆಗೆ ಏಪ್ರಿಲ್ 14 ಬಂತೆಂದರೆ ಬೀದಿ ತುಂಬ ನಮ್ಮ ಫ್ಲೆಕ್ಸುಗಳಿರುತ್ತಿದ್ದವು. ಅವುಗಳಲ್ಲಿ ಬಾಬಾಸಾಹೇಬರ ಮುಖ ಎಷ್ಟೋ ಕಡೆ ಗುಲಾಬಿ ಬಣ್ಣಕ್ಕಿತ್ತು. ಕೆಳಗೆ ಸಾಲಾಗಿ ನಿಂತ ನಮ್ಮ ಮುಖಂಡರ ಮುಖಗಳೂ ಅದೇ ಬಣ್ಣ. ಬಿಸಿಲಲ್ಲಿ ಮೆರವಣಿಗೆ ಮಾಡಿ ಕಪ್ಪಾದವರು ಫ್ಲೆಕ್ಸಿನಲ್ಲಿ ಬೆಳ್ಳಗೆ ನಗುತ್ತಿದ್ದರು. ನಮ್ಮಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ನಾವೂ ಕೇಳಲಿಲ್ಲ.

ಬಾಬಾಸಾಹೇಬರ ಕೋಟಿನ ನೀಲಿಯನ್ನೂ ಇಲ್ಲೇ ನೋಡೋಣ. ಅವರ ಹೆಚ್ಚಿನ ಫೋಟೋಗಳು ಕಪ್ಪು-ಬಿಳುಪಿನವು. ಆ ಫೋಟೋಗಳಲ್ಲಿನ ಕೋಟುಗಳಿಗೆ ನೀಲಿ ಹಾಕಿದ್ದು ಜನ. ನೀಲಿ ನಮ್ಮ ಬಾವುಟದ ಬಣ್ಣ, ಅದನ್ನು ಅವರಿಗೆ ಉಡಿಸಿದೆವು. ಅದು ಪಾಟಿಯ ಸರದಂಥದ್ದು. ನಮ್ಮ ಕೇರಿಯ ಹುಡುಗ ಸೂಟು ಹಾಕಬಹುದು, ಕೈಯಲ್ಲಿ ಪುಸ್ತಕ ಹಿಡಿಯಬಹುದು ಎಂದು ಆ ನೀಲಿ ಹೇಳುತ್ತದೆ. ನೀಲಿ ಇರಲಿ. ಗುಲಾಬಿ ಕೆನ್ನೆ ಬೇಡ. ಸಂವಿಧಾನ ಬರೆದ ಮುಖಕ್ಕೆ ಯಾರ ಮುಂದೆಯೂ ಬೆಳ್ಳಗಾಗುವ ದರ್ದಿಲ್ಲ.

ಇನ್ನೊಂದು ಎಚ್ಚರ. ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ತೆಗೆಸಿ "ಸ್ವಲ್ಪ ಬೆಳ್ಳಗೆ ಮಾಡಿ ಅಣ್ಣಾ" ಅನ್ನುವ ಹುಡುಗಿಗೆ ಭಾಷಣ ಬಿಗಿಯಲು ಹೋಗಬಾರದು. ಅವಳು ಬಿಳುಪನ್ನು ಕೇಳುತ್ತಿಲ್ಲ, ಅವಮಾನ ತಪ್ಪಿಸಿಕೊಳ್ಳುವ ದಾರಿ ಕೇಳುತ್ತಿದ್ದಾಳೆ. ಮೊದಲು ಆ ಗಂಡಿನ ಮನೆಗೆ ಹೋಗಿ ಮಾತಾಡಬೇಕು. ಆ ಗಂಡು ನಮ್ಮ ಸಂಘಟನೆಯ ಹುಡುಗನೇ ಆಗಿದ್ದರೆ, ಎಷ್ಟೋ ಸಲ ಆಗಿರುತ್ತಾನೆ, ಅವನ ಕಿವಿ ಹಿಂಡಬೇಕು.

ಹಳ್ಳಿಯ ಮೇಷ್ಟರುಗಳಿಗೆ, ಟೀಚರುಗಳಿಗೆ ನಮ್ಮದೊಂದು ಕೋರಿಕೆ. ಶಾಲೆಯ ಗುಂಪು ಫೋಟೋ ತೆಗೆಸುವಾಗ ಕಪ್ಪು ಮಕ್ಕಳನ್ನು ಹಿಂದಿನ ಸಾಲಿನ ನೆರಳಿಗೆ ನೂಕಬೇಡಿ. ಅವರ ಮುಖಕ್ಕೆ ಬೆಳಕು ಬೀಳುವ ಕಡೆ ನಿಲ್ಲಿಸಿ. ಕಪ್ಪು ಮುಖ ಸ್ಪಷ್ಟವಾಗಿ ಬರಬೇಕಾದರೆ ಮುಲಾಮು ಬೇಡ, ಬಿಳುಪಿನ ಪದರ ಬೇಡ, ಬೆಳಕು ಬೇಕು. ಬೆಳಕು ಕೊಡುವುದೂ ಬಿಳಿ ಮಾಡುವುದೂ ಒಂದಲ್ಲ. ಮೊಬೈಲಿನಲ್ಲಿ ಬ್ಯೂಟಿ ಎಂಬ ಗುಂಡಿ ತಾನಾಗಿಯೇ ಹತ್ತಿಕೊಂಡಿದ್ದರೆ ಆರಿಸಿ. ಯಾಕೆ ಆರಿಸಿದೆವು ಎಂಬುದನ್ನು ಮಕ್ಕಳಿಗೆ ಹೇಳಿ. ಅದೂ ಒಂದು ಪಾಠ.

*

ಆ ದಿನ ಸ್ಟುಡಿಯೋದಲ್ಲಿ ಕೊನೆಗೆ ಆದದ್ದನ್ನು ಹೇಳಿ ಮುಗಿಸುತ್ತೇವೆ.

ಹುಡುಗ ಬಿಳುಪಿನ ಪದರದ ಕಣ್ಣು ಮುಚ್ಚಿದ. ಒಂದು ಕ್ಷಣದಲ್ಲಿ ಪಾಟಿ ವಾಪಸ್ ಬಂದರು. ಹಸಿರು ಸೀರೆಯಲ್ಲಿ, ಅವರದೇ ಕಪ್ಪಿನಲ್ಲಿ. ಅಕ್ಕನ ಮಗಳು ಪರದೆಯ ಹತ್ತಿರ ಹೋಗಿ "ಹಾಂ, ಈಗ ಪಾಟಿ" ಅಂದಳು. ಅಕ್ಕ ಸರದ ಕಡೆ ಬೆರಳು ಮಾಡಿ, "ಇಷ್ಟು ದಪ್ಪ ಬೇಡ ತಮ್ಮಾ. ನೋಡಿದ್ರೆ ಅಮ್ಮನೇ ನಗ್ತಾರೆ. ಸಣ್ಣದಿದ್ರೆ ಹಾಕು" ಅಂದಳು. ಹುಡುಗ ಫೋಲ್ಡರಿನಲ್ಲಿ ಹುಡುಕಿ ಒಂದೆಳೆಯ ಸರ ತಂದು ಕೂರಿಸಿದ.

ಅಚ್ಚಿಗೆ ಕಳಿಸುವ ಮುಂಚೆ "ಫ್ಲ್ಯಾಟನ್ ಮಾಡ್ಬಿಡ್ಲಾ?" ಅಂತ ಕೇಳಿದ. ಫ್ಲ್ಯಾಟನ್ ಅಂದರೆ ಎಲ್ಲ ಪದರಗಳನ್ನೂ ಬಡಿದು ಒಂದು ಮಾಡುವುದು. ಹಾಗೆ ಮಾಡಿ ಉಳಿಸಿಟ್ಟರೆ ಯಾವುದು ಮೂಲ, ಯಾವುದು ಮೇಲೆ ಹಚ್ಚಿದ್ದು ಅಂತ ಆಮೇಲೆ ಬಿಡಿಸಲು ಆಗುವುದಿಲ್ಲ. ಅಚ್ಚಿಗೆ ಹಾಗೆ ಮಾಡು, ಪದರಗಳಿರುವ ಫೈಲನ್ನೂ ಬೇರೆ ಕೊಡು ಅಂದೆವು. ಅದು ಈಗ ಅಕ್ಕನ ಹತ್ತಿರ ಇದೆ. ಅದರ ತಳದಲ್ಲಿ ಸರವಿಲ್ಲದ, ಬಣ್ಣವಿಲ್ಲದ, ಕೆಲಸದ ಚೀಟಿಗೆ ತೆಗೆಸಿದ ಆ ಹಳೆಯ ಮುಖ ಇದ್ದ ಹಾಗೇ ಇದೆ. ನಮ್ಮ ವಿದ್ಯಾರ್ಥಿ ಗೆಳೆಯ ಕೇಳಿದ ಆರೋಪಪಟ್ಟಿಯೂ ಅಲ್ಲೇ ಇದೆ. ಯಾರೂ ಅದನ್ನು ಹರಿದಿಲ್ಲ.

ದುಡ್ಡು ಕೊಡುವಾಗ ಹುಡುಗ ನಮ್ಮನ್ನು ಕೇಳಿದ: "ಸಾರ್, ಇನ್ಮೇಲೆ ಬಂದೋರ್ನೆಲ್ಲ ಕೇಳಿ ಮಾಡ್ಬೇಕಾ? ಕೇಳಿದ್ರೆ ಎಲ್ಲಾರೂ ಬೆಳ್ಳಗೇ ಮಾಡು ಅಂತಾರೆ."

ಇರಬಹುದು. ಆದರೂ ಕೇಳು ತಮ್ಮಾ ಎಂದು ಹೇಳಿ ಬಂದೆವು. ಕೇಳಿದಾಗ ಒಂದು ಗಳಿಗೆಯಾದರೂ ಅವರು ತಮ್ಮ ಮುಖವನ್ನು ತಾವೇ ನೋಡಿಕೊಳ್ಳುತ್ತಾರೆ. ನೂರರಲ್ಲಿ ಒಬ್ಬರು 'ಇದ್ದಂಗೇ ಇರ್ಲಿ' ಅನ್ನಬಹುದು. ಆ ಒಬ್ಬರನ್ನು ಹತ್ತು ಮಾಡುವ ಕೆಲಸ ಸ್ಟುಡಿಯೋ ಹುಡುಗನದಲ್ಲ ಗೆಳೆಯರೇ, ನಮ್ಮದು.